ಮತ ಯಾರ ಹಿಂದೆ ಹೋಗುತ್ತದೆ?

2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 135 ಸ್ಥಾನ ಗೆದ್ದಿತು. ಚಾಮರಾಜನಗರ ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ಮೂರು ಅದರ ಪಾಲಾದವು. ಉಳಿದ ಒಂದು ಹನೂರು. 2008ರಿಂದ ಸತತ ಮೂರು ಸಲ ಗೆದ್ದಿದ್ದ ಕಾಂಗ್ರೆಸ್ಸಿನ ಆರ್. ನರೇಂದ್ರ ಅಲ್ಲಿ ಜೆಡಿಎಸ್‌ನ ಎಂ.ಆರ್. ಮಂಜುನಾಥ್ ಎದುರು 17 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ರಾಜ್ಯವೆಲ್ಲ ಕಾಂಗ್ರೆಸ್ಸಿನ ಕಡೆ ವಾಲಿದ ವರ್ಷದಲ್ಲಿ ಹನೂರಿನವರು ಮಾತ್ರ ಅದನ್ನು ಬಿಟ್ಟುಕೊಟ್ಟರು ಎಂದೇ ಯಾರಿಗಾದರೂ ತೋರುತ್ತದೆ.

ಅಂಕಿಗಳನ್ನು ಬಿಡಿಸಿ ನೋಡಿದರೆ ಹಾಗೆ ಕಾಣುವುದಿಲ್ಲ. 2018ರಲ್ಲಿ ಗೆದ್ದಾಗ ನರೇಂದ್ರ ಅವರಿಗೆ ಬಿದ್ದದ್ದು 60 ಸಾವಿರ ಚಿಲ್ಲರೆ ಮತ. 2023ರಲ್ಲಿ ಸೋತಾಗ ಬಿದ್ದದ್ದು ಸುಮಾರು 58 ಸಾವಿರ. ಕಳೆದುಕೊಂಡದ್ದು ಎರಡೂವರೆ ಸಾವಿರದಷ್ಟು. ಅವರಿಗೆ ಮತ ಹಾಕುತ್ತಿದ್ದವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಉಳಿದಿತ್ತು. ಏರುಪೇರಾದದ್ದು ಎದುರಿನ ಪಾಳಯದಲ್ಲಿ. 2018ರಲ್ಲಿ ಬಿಜೆಪಿಯ ಡಾ. ಪ್ರೀತನ್ ನಾಗಪ್ಪ ಸುಮಾರು 57 ಸಾವಿರ ಮತ ಪಡೆದು ಎರಡನೆಯವರಾಗಿದ್ದರು, ಮಂಜುನಾಥ್ ಸುಮಾರು 45 ಸಾವಿರ ಪಡೆದು ಮೂರನೆಯವರಾಗಿದ್ದರು. ಐದು ವರ್ಷಗಳಲ್ಲಿ ಮಂಜುನಾಥ್ ಮೊದಲನೆಯವರಾದರು, ಪ್ರೀತನ್ ಮೂರನೆಯವರಾದರು. ನರೇಂದ್ರ ಬೇಡ ಎನ್ನುವವರು ಮೊದಲು ಎರಡು ಕಡೆ ಹರಿದುಹೋಗಿದ್ದರು, ಆಮೇಲೆ ಬಹುಪಾಲು ಒಂದೇ ಕಡೆ ಸೇರಿದರು. ಮಂಜುನಾಥ್ 75 ಸಾವಿರ ದಾಟಿದರು.

ಪಕ್ಷದ ಭಾಗ್ಯ ಬೇರೆ, ಮತದಾರನ ನಿಷ್ಠೆ ಬೇರೆ. ಎರಡೂ ಒಟ್ಟಿಗೆ ಏರಿಳಿಯಬೇಕೆಂದಿಲ್ಲ. ಇದಕ್ಕೆ ಕಾರಣ ನಾವು ಬ್ರಿಟನ್ನಿನಿಂದ ಪಡೆದುಕೊಂಡ ಎಣಿಕೆಯ ಪದ್ಧತಿ. ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ, ಉಳಿದವರೆಲ್ಲರಿಗಿಂತ ಒಂದು ಹೆಚ್ಚಿದ್ದರೆ ಸಾಕು. ಬ್ರಿಟನ್ನಿನಲ್ಲೇ 2024ರ ಜುಲೈ 4ರಂದು ನಡೆದ ಚುನಾವಣೆ ಇದಕ್ಕೆ ದೊಡ್ಡ ಸಾಕ್ಷಿ. ಲೇಬರ್ ಪಕ್ಷ 2019ರಲ್ಲಿ ಒಂದು ಕೋಟಿಗೂ ಮೀರಿ ಮತ ಪಡೆದು ಸುಮಾರು 200 ಸ್ಥಾನಗಳಿಗೆ ಇಳಿದಿತ್ತು. 2024ರಲ್ಲಿ ಅದರ ಮತ ಒಂದು ಕೋಟಿಗಿಂತ ಕೆಳಗೆ ಬಂತು, ಸ್ಥಾನಗಳು 400 ದಾಟಿದವು. ಕನ್ಸರ್ವೇಟಿವ್ ಮತವನ್ನು ರಿಫಾರ್ಮ್ ಯುಕೆ ಎಂಬ ಹೊಸ ಪಕ್ಷ ಸೀಳಿದ್ದರಿಂದ ಲೇಬರ್‌ಗೆ ದಾರಿ ತೆರೆಯಿತು. ಆ ಹೊಸ ಪಕ್ಷಕ್ಕೆ ನೂರಕ್ಕೆ 14ರಷ್ಟು ಮತ ಬಂದರೂ ಸಿಕ್ಕ ಸ್ಥಾನ ಐದೇ. ಹನೂರಿನಲ್ಲಿ ಎದುರಿನವರು ಕೂಡಿದರು, ಬ್ರಿಟನ್ನಿನಲ್ಲಿ ಎದುರಿನವರು ಒಡೆದುಹೋದರು. ಎಣಿಕೆಯ ನಿಯಮ ಎರಡೂ ಕಡೆ ಒಂದೇ.

ಹಾಗಾದರೆ ನಿಷ್ಠೆ ಎಂಬುದು ಏನು, ಯಾರಿಗೆ? ಬ್ರಿಟನ್ನಿನಲ್ಲಿ ಬಹುಕಾಲ ಇದಕ್ಕೆ ಉತ್ತರ ಸರಳವಾಗಿತ್ತು. ಗಣಿ, ಗಿರಣಿ, ಕಾರ್ಖಾನೆಯ ಕೆಲಸಗಾರರು ಲೇಬರ್‌ಗೆ. ಆಸ್ತಿವಂತರು, ವ್ಯಾಪಾರಸ್ಥರು, ಹಳ್ಳಿಗಾಡಿನ ಜಮೀನುದಾರರು ಕನ್ಸರ್ವೇಟಿವ್‌ಗೆ. ಎಲ್ಲರೂ ಹಾಗೇ ಇದ್ದರೆಂದಲ್ಲ, ಆದರೆ 1951ರಲ್ಲಿ ಈ ಎರಡು ಪಕ್ಷಗಳು ಸೇರಿ ನೂರಕ್ಕೆ 97ರಷ್ಟು ಮತ ಪಡೆದಿದ್ದವು. 2024ರಲ್ಲಿ ಎರಡೂ ಸೇರಿ ಪಡೆದದ್ದು 57. ಗಣಿಗಳು ಮುಚ್ಚಿದವು, ಕಾರ್ಮಿಕ ಸಂಘಗಳು ಬಡವಾದವು, ಯುರೋಪಿನ ಒಕ್ಕೂಟ ಬಿಡಬೇಕೇ ಬೇಡವೇ ಎಂಬ 2016ರ ಜನಮತಗಣನೆ ಹಳೆಯ ಗೆರೆಗಳನ್ನು ಅಳಿಸಿತು. ಗಣಿ ಕೆಲಸಗಾರರಾಗಿದ್ದ ಡೆನಿಸ್ ಸ್ಕಿನ್ನರ್ 1970ರಿಂದ ಬೋಲ್ಸೋವರ್‌ನಿಂದ ಲೇಬರ್ ಸದಸ್ಯರಾಗಿ ಗೆಲ್ಲುತ್ತಲೇ ಬಂದಿದ್ದರು. 2019ರಲ್ಲಿ ಅದೇ ಊರಿನವರು ಕನ್ಸರ್ವೇಟಿವ್ ಅಭ್ಯರ್ಥಿಯನ್ನು ಆರಿಸಿದರು. 2024ರಲ್ಲಿ ಮತ್ತೆ ಲೇಬರ್‌ಗೆ ಕೊಟ್ಟರು.

ನಮ್ಮ ಹನೂರು, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳಲ್ಲಿ ಮತ ಈ ರೀತಿ ವೃತ್ತಿಗೆ ಅಂಟಿಕೊಂಡದ್ದಲ್ಲ. ಹನೂರಿನಲ್ಲಿ ಅದು ಎರಡು ಮನೆಗಳಿಗೆ ಅಂಟಿಕೊಂಡಿತ್ತು: ಜಿ. ರಾಜೂಗೌಡರ ಮನೆ, ಎಚ್. ನಾಗಪ್ಪನವರ ಮನೆ. 1994ರಲ್ಲಿ ನಾಗಪ್ಪ ಜನತಾದಳದಿಂದ ಗೆದ್ದು ಮಂತ್ರಿಯಾದರು. 1999ರಲ್ಲಿ ಕಾಂಗ್ರೆಸ್ಸಿನ ರಾಜೂಗೌಡರು ಗೆದ್ದರು. ಒಂದು ಮನೆಗೆ ಒಕ್ಕಲಿಗರ ಬಲ, ಇನ್ನೊಂದಕ್ಕೆ ಲಿಂಗಾಯತರ ಬಲ ಎನ್ನುವುದು ಅರ್ಧ ನಿಜ. ಆ ಬಲದಿಂದಷ್ಟೇ ಯಾರೂ ಗೆಲ್ಲಲಾರರು. ಪರಿಶಿಷ್ಟ ಜಾತಿಯವರು, ಉಪ್ಪಾರರು, ಕುರುಬರು, ನಾಯಕರು, ಕಾಡಂಚಿನ ಸೋಲಿಗರು, ಗಡಿ ಭಾಗದ ತಮಿಳು ಮಾತಾಡುವ ಕುಟುಂಬಗಳು, ಎಲ್ಲರನ್ನೂ ಊರೂರಿನ ಯಜಮಾನರ ಮೂಲಕ ತಲುಪಬೇಕು. ಅದಕ್ಕೇ ಎರಡೂ ಮನೆಗಳ ಬಾಗಿಲು ವರ್ಷಪೂರ್ತಿ ತೆರೆದಿರಬೇಕಾಗಿತ್ತು. ಆಸ್ಪತ್ರೆಗೆ ಸೇರಿಸಬೇಕು, ಪೊಲೀಸ್ ಠಾಣೆಯಲ್ಲಿ ಮಾತಾಡಬೇಕು, ಬೋರ್‌ವೆಲ್ ಕೊರೆಸಬೇಕು ಅಂದಾಗ ಜನ ಹುಡುಕಿಕೊಂಡು ಹೋಗುತ್ತಿದ್ದದ್ದು ಪಕ್ಷದ ಕಚೇರಿಯನ್ನಲ್ಲ, ಮನೆಯನ್ನು.

2002ರ ಆಗಸ್ಟ್ 25ರ ರಾತ್ರಿ ಕಾಮಗೆರೆಯ ಮನೆಯಿಂದ ನಾಗಪ್ಪನವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ. ಮೂರೂವರೆ ತಿಂಗಳು ಕಳೆದು, ಡಿಸೆಂಬರ್ 8ರಂದು, ಚಂಗಡಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ಆ ದುಃಖ ಇಡೀ ಸೀಮೆಯದಾಗಿತ್ತು. 2004ರಲ್ಲಿ ಅವರ ಪತ್ನಿ ಪರಿಮಳಾ ನಾಗಪ್ಪ ಜೆಡಿಎಸ್‌ನಿಂದ ಗೆದ್ದರು. 2008ರಲ್ಲಿ ಅವರು ಬಿಎಸ್‌ಪಿಯ ಆನೆ ಗುರುತಿನಿಂದ ನಿಂತರು, ಗೆದ್ದವರು ರಾಜೂಗೌಡರ ಮಗ ನರೇಂದ್ರ. 2013ರಲ್ಲಿ ಪರಿಮಳಾ ಮತ್ತೆ ಜೆಡಿಎಸ್‌ಗೆ ಬಂದರು. 2018ರಲ್ಲಿ ಮಗ ಪ್ರೀತನ್ ಕಮಲದಿಂದ. ಗುರುತು ಪ್ರತಿ ಸಲ ಬದಲಾಯಿತು, ಆದರೂ ನಾಲ್ಕು ಚುನಾವಣೆಗಳಲ್ಲೂ ಈ ಮನೆ ಮೊದಲ ಎರಡು ಸ್ಥಾನಗಳಿಂದ ಕೆಳಗಿಳಿಯಲಿಲ್ಲ. ಈ ಮನೆಗೆ ಮತ ಹಾಕುತ್ತ ಬಂದವನನ್ನು ಚಂಚಲ ಮತದಾರ ಎಂದು ಕರೆಯುವುದು ಅನ್ಯಾಯ. ಬದಲಾಗದೆ ನಿಂತವನೇ ಅವನು. 2023ರಲ್ಲಿ ಎರಡು ಮನೆಗಳಲ್ಲಿ ಯಾವುದಕ್ಕೂ ಸೇರದ ಒಬ್ಬರು ಗೆದ್ದದ್ದು ಹನೂರಿನ ಮಟ್ಟಿಗೆ ಪಕ್ಷ ಬದಲಾವಣೆಗಿಂತ ದೊಡ್ಡ ತಿರುವು.

ಈಗ ಪಕ್ಕದ ಕೊಳ್ಳೇಗಾಲಕ್ಕೆ ಬನ್ನಿ. ಕೊಳ್ಳೇಗಾಲ ತಾಲ್ಲೂಕು ರಾಜ್ಯ ಪುನರ್‌ವಿಂಗಡಣೆಯ ತನಕ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಇಲ್ಲಿನವರು 1952ರ ಮೊದಲ ಚುನಾವಣೆಯಲ್ಲಿ ಮದರಾಸು ವಿಧಾನಸಭೆಗೆ ಮತ ಹಾಕಿ, 1957ರಲ್ಲಿ ಮೈಸೂರು ವಿಧಾನಸಭೆಗೆ ಹಾಕಿದರು. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರವಾದ್ದರಿಂದ ಅಭ್ಯರ್ಥಿಗಳೆಲ್ಲ ಅದೇ ಸಮುದಾಯದವರು. ಜಾತಿ ನೋಡಿ ಮತ ಎಂಬ ಸಿದ್ಧ ಉತ್ತರ ಇಲ್ಲಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಪರಿಶಿಷ್ಟರು ತಮ್ಮವರಲ್ಲೇ ಯಾರು ಎಂದು ಆರಿಸಬೇಕು, ಉಳಿದವರು ಯಾವ ಪಕ್ಷ, ಎಂಥ ಮನುಷ್ಯ ಎಂದು ಆರಿಸಬೇಕು. ಹಾಗಾಗಿಯೋ ಏನೋ, ಈ ಕ್ಷೇತ್ರ ಒಬ್ಬರನ್ನೇ ಬಹುಕಾಲ ಹೊತ್ತು ತಿರುಗಿದ್ದಿಲ್ಲ. 1999ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಜಿ.ಎನ್. ನಂಜುಂಡಸ್ವಾಮಿ 2009ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. 2004ರಲ್ಲಿ ಎಸ್. ಬಾಲರಾಜ್ ಪಕ್ಷೇತರರಾಗಿ ಗೆದ್ದರು. 2013ರಲ್ಲಿ ಕಾಂಗ್ರೆಸ್ಸಿನ ಎಸ್. ಜಯಣ್ಣ ಗೆದ್ದಾಗ ಎರಡನೆಯವರಾಗಿ ನಿಂತವರು ಬಿಎಸ್‌ಪಿಯ ಎನ್. ಮಹೇಶ್.

ಮಹೇಶ್ ಅವರದು ಮನೆತನದ ರಾಜಕಾರಣವಲ್ಲ. ಸರ್ಕಾರಿ ಅಧಿಕಾರಿಯ ಹುದ್ದೆ ಬಿಟ್ಟು ಬಂದು, ಅಂಬೇಡ್ಕರ್ ವಿಚಾರವನ್ನು ಕೇರಿ ಕೇರಿಗೂ ಒಯ್ದು, ಸೋತರೂ ಬಿಡದೆ ಕಟ್ಟಿದ ಸಂಘಟನೆ. 2018ರಲ್ಲಿ ಬಿಎಸ್‌ಪಿಗೆ ಜೆಡಿಎಸ್ ಜೊತೆ ಮೈತ್ರಿಯೂ ಆಯಿತು. ಮಹೇಶ್ ಅವರಿಗೆ 71,792 ಮತ, ಕಾಂಗ್ರೆಸ್ಸಿನ ಎ.ಆರ್. ಕೃಷ್ಣಮೂರ್ತಿಯವರಿಗೆ 52,338, ಬಿಜೆಪಿಗೆ ಸುಮಾರು 40 ಸಾವಿರ. ರಾಜ್ಯದಲ್ಲಿ ಆ ಪಕ್ಷದ ಏಕೈಕ ಶಾಸಕರಾದ ಅವರು ಕುಮಾರಸ್ವಾಮಿ ಸಂಪುಟದಲ್ಲಿ ಶಿಕ್ಷಣ ಸಚಿವರಾದರು, ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. 2019ರ ಜುಲೈನಲ್ಲಿ ವಿಶ್ವಾಸಮತದ ದಿನ ಸದನಕ್ಕೆ ಬರಲಿಲ್ಲ, ಬಿಎಸ್‌ಪಿಯ ನಾಯಕಿ ಮಾಯಾವತಿ ಉಚ್ಚಾಟಿಸಿದರು. 2021ರ ಆಗಸ್ಟ್‌ನಲ್ಲಿ ಬಿಜೆಪಿ ಸೇರಿದರು.

ಲೆಕ್ಕ ಹಾಕುವವರಿಗೆ ಇದು ಭಾರೀ ಕೂಡಿಕೆಯಂತೆ ಕಂಡಿರಬೇಕು: ಆನೆಯ 72 ಸಾವಿರ, ಕಮಲದ 40 ಸಾವಿರ. 2023ರಲ್ಲಿ ಮಹೇಶ್ ಅವರಿಗೆ ಬಂದದ್ದು 48,844. ಹನೂರಿನಲ್ಲಿ ಮತ ಮನುಷ್ಯರ ಹಿಂದೆ ಹೋಗಿತ್ತು. ಮೂವತ್ತು ಕಿಲೋಮೀಟರಿನಷ್ಟೂ ದೂರವಿಲ್ಲದ ಕೊಳ್ಳೇಗಾಲದಲ್ಲಿ ಅದು ಹೋಗಲಿಲ್ಲ. ವಿಚಾರದ ಹೆಸರಿನಲ್ಲಿ ಕೂಡಿದ ಮತ, ನಾಯಕ ವಿಚಾರದ ಆಚೆ ದಾಟಿದನೆಂದು ತನಗೆ ಅನ್ನಿಸಿದೊಡನೆ ಬೇರೆ ದಾರಿ ಹಿಡಿಯಿತು. ಮೈತ್ರಿಯ ಬಲ ಆ ಸಲ ಇರಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು. ಆದರೂ ಕಾಂಗ್ರೆಸ್ 52 ಸಾವಿರದಿಂದ 1,08,363ಕ್ಕೆ ನೆಗೆದದ್ದನ್ನು ಮೈತ್ರಿ ಮುರಿದದ್ದೊಂದೇ ವಿವರಿಸಲಾರದು. ನನ್ನ ಮಟ್ಟಿಗೆ ಈ ಸೀಮೆಯ ಇತ್ತೀಚಿನ ರಾಜಕಾರಣದಲ್ಲಿ ಅತ್ಯಂತ ಗೌರವಕ್ಕೆ ಯೋಗ್ಯವಾದ ತೀರ್ಪು ಇದು. ಯಾರ ಪರ ಬಂತು ಎಂಬ ಕಾರಣಕ್ಕಲ್ಲ. ತನ್ನ ಮತ ಯಾರೊಬ್ಬರ ಜೊತೆಗೂ ಸಾಗಿಸಿಕೊಂಡು ಹೋಗುವ ಸರಕಲ್ಲ ಎಂದು ಮತದಾರ ತೋರಿಸಿದ ಕಾರಣಕ್ಕೆ.

ಆದರೆ ಆ ತೀರ್ಪು ಕೊಡಲು ಜನ 2023ರ ತನಕ ಕಾಯಬೇಕಾಯಿತು. 2014ರಲ್ಲಿ ಬ್ರಿಟನ್ನಿನ ಕ್ಲಾಕ್ಟನ್ ಕ್ಷೇತ್ರದ ಸದಸ್ಯ ಡಗ್ಲಸ್ ಕಾರ್ಸ್ವೆಲ್ ಕನ್ಸರ್ವೇಟಿವ್ ಪಕ್ಷ ಬಿಟ್ಟು ಯುಕಿಪ್ ಸೇರಿದಾಗ, ಕಾನೂನು ಒತ್ತಾಯಿಸದಿದ್ದರೂ, ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಅದೇ ಅಕ್ಟೋಬರಿನಲ್ಲಿ ಉಪಚುನಾವಣೆ ಎದುರಿಸಿ ಗೆದ್ದರು. ಅಲ್ಲಿಯೂ ಎಲ್ಲರೂ ಹಾಗೆ ಮಾಡುವುದಿಲ್ಲ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದ್ದೂ, ಪಕ್ಷ ಬದಲಿಸಿದವರನ್ನು ಕೂಡಲೇ ಜನರ ಮುಂದೆ ನಿಲ್ಲಿಸುವ ದಾರಿ ಗಟ್ಟಿಯಾಗಿಲ್ಲ.

ಯಳಂದೂರಿನ ಕಥೆ ಇನ್ನೊಂದು ತೆರನದು. ಈ ಪುಟ್ಟ ತಾಲ್ಲೂಕಿಗೆ ತನ್ನದೇ ವಿಧಾನಸಭಾ ಕ್ಷೇತ್ರವಿಲ್ಲ. 2008ಕ್ಕೆ ಮೊದಲು ಅದು ಸಂತೇಮರಹಳ್ಳಿ ಕ್ಷೇತ್ರದೊಳಗಿತ್ತು, ಗಡಿ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಅಳಿದು ಯಳಂದೂರು ಕೊಳ್ಳೇಗಾಲಕ್ಕೆ ಸೇರಿತು. ಮತದಾರ ಕದಲದೆ ಕೂತಿದ್ದರೂ ಗೆರೆ ಕದಲಿತು. ಆ ಸಂತೇಮರಹಳ್ಳಿಯಲ್ಲೇ 2004ರಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ ಪಡೆದರು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಅಂತರ ಒಂದು ಮತ. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೆ ಆ ದಿನ ಮತಗಟ್ಟೆಗೆ ಹೋಗಲು ಬಿಡುವಾಗಲಿಲ್ಲ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ಮುಂದೆ ಈ ಇಬ್ಬರೂ ಲೋಕಸಭೆಗೆ ಎದುರುಬದುರಾದರು. ಕೃಷ್ಣಮೂರ್ತಿ ಆಗ ಬಿಜೆಪಿಯಲ್ಲಿದ್ದರು. 2009ರಲ್ಲಿ ಧ್ರುವನಾರಾಯಣ ಗೆದ್ದದ್ದು 4,002 ಮತಗಳಿಂದ, 2014ರಲ್ಲಿ 1.41 ಲಕ್ಷದಿಂದ. 2018ರ ಹೊತ್ತಿಗೆ ಕೃಷ್ಣಮೂರ್ತಿ ಕಾಂಗ್ರೆಸ್ಸಿಗೆ ಬಂದು ಹಳೆಯ ಎದುರಾಳಿಯ ಪಕ್ಷದಿಂದಲೇ ವಿಧಾನಸಭೆಗೆ ನಿಂತರು, ಸೋತರು. 2023ರಲ್ಲಿ ಕೊಳ್ಳೇಗಾಲದಲ್ಲಿ 59,519 ಮತಗಳ ಅಂತರದಿಂದ ಗೆದ್ದರು. ಅದನ್ನು ನೋಡಲು ಧ್ರುವನಾರಾಯಣ ಇರಲಿಲ್ಲ, ಆ ಮಾರ್ಚ್ 11ರಂದು ತೀರಿಕೊಂಡಿದ್ದರು. ಅಂತರದಲ್ಲಿ ಇಂಥದ್ದೇ ಏರಿಕೆ ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ 1997ರಲ್ಲಿ ಆರೇ ತಿಂಗಳಲ್ಲಿ ನಡೆಯಿತು. ಲಿಬರಲ್ ಡೆಮಾಕ್ರಟ್ ಮಾರ್ಕ್ ಓಟನ್ ಮೇ ತಿಂಗಳಲ್ಲಿ ಎರಡು ಮತಗಳಿಂದ ಗೆದ್ದರು. ಸೋತವರು ಕೋರ್ಟಿಗೆ ಹೋಗಿ ಚುನಾವಣೆ ರದ್ದಾಯಿತು, ನವೆಂಬರಿನ ಮರುಚುನಾವಣೆಯಲ್ಲಿ ಓಟನ್ 21,556 ಮತಗಳಿಂದ ಗೆದ್ದರು.

ಅದೇ ಜನ ಲೋಕಸಭೆಯನ್ನು ಬೇರೆ ಕಣ್ಣಿನಿಂದ ನೋಡುವುದೂ ಇದೆ. ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ 2019ರಲ್ಲಿ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ 1,817 ಮತಗಳಿಂದ ಧ್ರುವನಾರಾಯಣರನ್ನು ಸೋಲಿಸಿದರು. 2024ರಲ್ಲಿ ಕಾಂಗ್ರೆಸ್ಸಿನ ಸುನಿಲ್ ಬೋಸ್ 1.88 ಲಕ್ಷ ಅಂತರದಿಂದ ಗೆದ್ದರು. ಸೋತವರು, 2004ರಲ್ಲಿ ಪಕ್ಷೇತರರಾಗಿ ಕೊಳ್ಳೇಗಾಲ ಗೆದ್ದಿದ್ದ ಅದೇ ಬಾಲರಾಜ್, ಈ ಸಲ ಬಿಜೆಪಿಯಿಂದ.

ಅಂತರಗಳ ಈ ಲೆಕ್ಕದಲ್ಲಿ ಸಿಗದ ಒಂದು ಊರಿನ ಹೆಸರು ಹೇಳಲೇಬೇಕು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗೆ ಇಂಡಿಗನತ್ತ ಇದೆ. ರಸ್ತೆ, ಕರೆಂಟು, ಕುಡಿಯುವ ನೀರಿಗಾಗಿ ಬೇಡಿ ಬೇಡಿ ಸಾಕಾದವರು 2024ರ ಏಪ್ರಿಲ್ 26ರ ಮತದಾನಕ್ಕೆ ಬಹಿಷ್ಕಾರ ಹಾಕಿದರು. ಆ ದಿನ ಮತಗಟ್ಟೆಯಲ್ಲಿ ಗಲಾಟೆಯಾಗಿ ಮತಯಂತ್ರ ಒಡೆಯಿತು, ಪೊಲೀಸರು ಹಲವರನ್ನು ಹಿಡಿದರು, 29ರಂದು ಮರುಮತದಾನ ನಡೆಯಿತು. ಆಗಲೂ ಬಹುತೇಕರು ಬರಲಿಲ್ಲ. ಮತಯಂತ್ರ ಒಡೆದದ್ದು ತಪ್ಪು. ಆದರೆ ಹಿಂದಿನ ಚುನಾವಣೆಗಳಲ್ಲಿ ಈ ಬೆಟ್ಟದ ಜನ ಹಾಕಿದ ಮತಗಳು ಯಾವ ಯಾವ ಗುರುತಿನ ಖಾತೆಗೆ ಸೇರಿದವೋ, ಆ ಎಲ್ಲ ಪಕ್ಷಗಳೂ ಇಂಡಿಗನತ್ತದ ರಸ್ತೆಗೆ ಉತ್ತರ ಕೊಡಬೇಕಾದವೇ.