ವೈಮಾನಿಕ ಛಾಯಾಚಿತ್ರ ಮತ್ತು ಮುಂಬಯಿಯ ನೆಲ

ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘವು ಸ್ಥಾಪನೆಗೊಂಡುದು 1854ರಲ್ಲಿ. ಫ್ರಾನ್ಸಿನ ನಾದಾರನು ಬಲೂನಿನಿಂದ ಭೂಮಿಯ ಚಿತ್ರ ತೆಗೆದುದು 1858ರಲ್ಲಿ. ಅಷ್ಟರಲ್ಲಿ ಕೊಲಾಬಾದ ಸೇತುಮಾರ್ಗವೂ (1838) ಸಾಲ್ಸೆಟ್‌ಗೆ ಹೋಗುವ ಮಾಹಿಮ್‌ನ ಸೇತುಮಾರ್ಗವೂ (1845) ಮುಗಿದಿದ್ದವು. ಎಂದರೆ, ಏಳು ದ್ವೀಪಗಳು ಒಂದಾದ ಬಗೆಯನ್ನು ಆಕಾಶದಿಂದ ಯಾವ ಕ್ಯಾಮರಾವೂ ಕಂಡಿಲ್ಲ. ಅದಕ್ಕೆ ನಾವು ಹಳೆಯ ನಕ್ಷೆಗಳನ್ನೇ ನೆಚ್ಚಬೇಕು.

ಈ ವಿಳಂಬಕ್ಕೆ ಕಾರಣ ಹಾರಾಟದ ಕೊರತೆಯಲ್ಲ. ಬಲೂನು 1783ರಲ್ಲಿಯೇ ಮೇಲೇರಿತ್ತು. ತೊಡಕು ಉಪಕರಣದ್ದು. ನಾದಾರನ ಕಾಲದ ಕೊಲೋಡಿಯನ್ ಲೇಪಿತ ಗಾಜಿನ ಫಲಕವನ್ನು ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಒದ್ದೆಯಾಗಿರುವಾಗಲೇ ಬೆಳಕಿಗೊಡ್ಡಿ, ಒಡನೆಯೇ ಸಂಸ್ಕರಿಸಬೇಕಾಗಿತ್ತು. ಆದ್ದರಿಂದ ಬಲೂನಿನ ಬುಟ್ಟಿಯಲ್ಲಿಯೇ ಕತ್ತಲೆಯ ಡೇರೆ ಬೇಕಾಯಿತು. ಬಲೂನಿನಿಂದ ಸೋರಿದ ಅನಿಲವು ಅವನ ಮೊದಲ ಫಲಕಗಳನ್ನು ಕೆಡಿಸಿತು. 1870ರ ದಶಕದ ಜೆಲಾಟಿನ್ ಒಣಫಲಕವು ಈ ಬಂಧನವನ್ನು ಬಿಡಿಸಿತು. 1888ರಲ್ಲಿ ಅರ್ಥರ್ ಬಾತ್ಯು ಗಾಳಿಪಟಕ್ಕೆ ಕ್ಯಾಮರಾ ಕಟ್ಟಿದನು. ಮೊದಲ ಮಹಾಯುದ್ಧದಲ್ಲಿ ವಿಮಾನದಿಂದ, ಒಂದರ ಅಂಚು ಇನ್ನೊಂದನ್ನು ಆವರಿಸುವಂತೆ, ಸಾಲಾಗಿ ಚಿತ್ರ ತೆಗೆಯುವ ಪದ್ಧತಿ ಬೆಳೆಯಿತು. ಅಂಥ ಎರಡು ಚಿತ್ರಗಳನ್ನು ಸ್ಟೀರಿಯೋಸ್ಕೋಪಿನಲ್ಲಿ ಜೊತೆಯಾಗಿ ನೋಡಿದರೆ ನೆಲದ ಏರುತಗ್ಗುಗಳು ಕಾಣುತ್ತವೆ.

ದ್ವೀಪಗಳಿಗೆ ತಡವಾದ ಈ ಸಾಧನವು ಉಪನಗರಗಳಿಗೆ ತಡವಾಗಲಿಲ್ಲ. ಸಾಲ್ಸೆಟ್‌ನ ಖಾರಿ, ಉಪ್ಪಿನ ಗದ್ದೆ, ಕಾಂಡ್ಲಾ ಕಾಡುಗಳ ಮೇಲೆ ನಗರವು ಬಹುವಾಗಿ ಹಬ್ಬಿದುದು ಇಪ್ಪತ್ತನೆಯ ಶತಮಾನದಲ್ಲಿ. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುವ ನಮಗೆ ಇಸವಿ ನಮೂದಾದ ಪ್ರತಿಯೊಂದು ಚಿತ್ರವೂ ನೆಲದ ಒಂದೊಂದು ಪ್ರತಿಯಂತೆ ತೋರುತ್ತದೆ. ನೀರು ಎಲ್ಲಿ ಹರಿಯುತ್ತಿತ್ತೆಂಬ ಪ್ರಶ್ನೆ ಪ್ರತಿ ಮಳೆಗಾಲದಲ್ಲಿ ಏಳುವ ಈ ಊರಿನಲ್ಲಿ, ಆ ಪ್ರತಿಗಳನ್ನು ಕಾಪಾಡುವುದು ಕೇವಲ ಇತಿಹಾಸಕಾರರ ಹಂಬಲವಲ್ಲ.