ಡಿಮೆನ್ಷಿಯಾ ವಸತಿ ಆರೈಕೆ

ಡಿಮೆನ್ಷಿಯಾ ವಸತಿ ಆರೈಕೆ ಎಂದರೆ ಮರೆಗುಳಿತನದ ಕಾಯಿಲೆಯುಳ್ಳವರಿಗೆ ವಾಸ, ಶುಶ್ರೂಷೆ ಹಾಗೂ ಮೇಲ್ವಿಚಾರಣೆಯನ್ನು ಹಗಲಿರುಳು ಒದಗಿಸುವ ವ್ಯವಸ್ಥೆ. ಇದು ಸಾಮಾನ್ಯ ವೃದ್ಧಾಶ್ರಮಕ್ಕಿಂತ ಭಿನ್ನವಾದುದು. ವೃದ್ಧಾಶ್ರಮದಲ್ಲಿ ನಿವಾಸಿಗಳು ಸಂಸ್ಥೆಯ ದಿನಚರಿಗೆ ಹೊಂದಿಕೊಳ್ಳುತ್ತಾರೆ. ಇಲ್ಲಿ ನಿವಾಸಿಗಳಲ್ಲಿ ಉಳಿದಿರುವ ಶಕ್ತಿಗೆ ಸಂಸ್ಥೆಯೇ ಹೊಂದಿಕೊಳ್ಳಬೇಕಾಗುತ್ತದೆ.

ಹಿನ್ನೆಲೆ

ಡಿಮೆನ್ಷಿಯಾ ಒಂದೇ ರೋಗದ ಹೆಸರಲ್ಲ. ನೆನಪು, ಭಾಷೆ ಮತ್ತು ವಿವೇಚನೆ ಕುಂದುವ ಲಕ್ಷಣಗಳ ಸಮೂಹ. ಇದಕ್ಕೆ ಅತಿ ಸಾಮಾನ್ಯ ಕಾರಣವಾದ ಅಲ್ಝೈಮರ್ ಕಾಯಿಲೆಯನ್ನು ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ವಿವರಿಸಿದರು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ಮೇಲ್ಪಟ್ಟವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ‘ಅರವತ್ತಕ್ಕೆ ಅರಳು ಮರುಳು’ ಎಂಬ ಮಾತು ಕನ್ನಡದಲ್ಲಿ ರೂಢಿಯಲ್ಲಿದೆ. ಮರೆವನ್ನು ಹೀಗೆ ವಯಸ್ಸಿನ ಸಹಜ ಲಕ್ಷಣವೆಂದು ಭಾವಿಸುವುದರಿಂದ ರೋಗವು ತಡವಾಗಿ ಪತ್ತೆಯಾಗುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ 1998ರಲ್ಲಿ ಸ್ಥಾಪನೆಯಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, 2010ರಲ್ಲಿ ಕಸ್ತೂರಿನಗರದಲ್ಲಿ ಡಿಮೆನ್ಷಿಯಾಕ್ಕೆ ಮೀಸಲಾದ ವಸತಿ ಕೇಂದ್ರವನ್ನು ಆರಂಭಿಸಿತು. ನಿಮ್ಹಾನ್ಸ್ ಸಂಸ್ಥೆಯಲ್ಲಿ ರೋಗನಿರ್ಣಯ ಮತ್ತು ಚಿಕಿತ್ಸೆಯ ಸೌಲಭ್ಯವಿದೆ. ಕಲಬುರಗಿಯಂತಹ ದೂರದ ನಗರಗಳ ಕುಟುಂಬಗಳಿಗೆ ಬೆಂಗಳೂರಿನ ಕೇಂದ್ರವನ್ನು ಆಯ್ದುಕೊಳ್ಳುವುದೆಂದರೆ ಹಿರಿಯರನ್ನು ಪರಿಚಿತ ಪರಿಸರದಿಂದ ನೂರಾರು ಕಿಲೋಮೀಟರ್ ದೂರ ಕಳುಹಿಸಿದಂತೆ. ಆದ್ದರಿಂದ ಆರೈಕೆಯ ಹೊರೆ ಬಹುಮಟ್ಟಿಗೆ ಮನೆಯಲ್ಲೇ, ಅದರಲ್ಲೂ ಸೊಸೆ, ಮಗಳು ಅಥವಾ ಪತ್ನಿಯ ಮೇಲೆ ಬೀಳುತ್ತದೆ.

ಆರೈಕೆಯ ವಿಧಾನ

ಪ್ರವೇಶದ ವೇಳೆ ನಿವಾಸಿಯ ಜೀವನವೃತ್ತಾಂತವನ್ನು ಬಂಧುಗಳಿಂದ ಸಂಗ್ರಹಿಸುವುದು ಮುಖ್ಯ. ಅವರ ಉದ್ಯೋಗ, ಇಷ್ಟದ ಹಾಡು, ಪೂಜೆ ಅಥವಾ ನಮಾಜಿನ ಸಮಯ, ಅವರನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಇವೆಲ್ಲವೂ ಆರೈಕೆಯ ಸಾಧನಗಳೇ. ದಿನಚರಿ ಪ್ರತಿದಿನವೂ ಒಂದೇ ಕ್ರಮದಲ್ಲಿರುತ್ತದೆ. ಬಾಗಿಲುಗಳಿಗೆ ಚಿತ್ರಫಲಕ, ಜಾರದ ನೆಲ, ರಾತ್ರಿಯ ಮಂದ ಬೆಳಕು ಮತ್ತು ಸುರಕ್ಷಿತವಾಗಿ ನಡೆದಾಡಲು ಆವರಣವುಳ್ಳ ಅಂಗಳ ಇರಬೇಕು. ‘ಮನೆಗೆ ಹೋಗಬೇಕು’ ಎಂದು ಹಟ ಹಿಡಿದವರೊಡನೆ ವಾದಿಸದೆ, ಆ ಮಾತಿನ ಹಿಂದಿರುವ ಭಯ, ಹಸಿವು ಅಥವಾ ನೋವನ್ನು ಗುರುತಿಸುವಂತೆ ಸಿಬ್ಬಂದಿಗೆ ತರಬೇತಿ ನೀಡಲಾಗುತ್ತದೆ. ಕೊನೆಯ ಹಂತದಲ್ಲಿ ನುಂಗುವುದು ಕಷ್ಟವಾಗುವುದರಿಂದ ಮೆತ್ತನೆಯ ಆಹಾರ ಅಗತ್ಯವಾಗುತ್ತದೆ.

ಭಾಷೆಯ ಮಹತ್ವ

ಹಲವು ಭಾಷೆ ಬಲ್ಲವರಲ್ಲಿ ತಡವಾಗಿ ಕಲಿತ ಭಾಷೆ ಮೊದಲು ಮಸುಕಾಗಿ, ಬಾಲ್ಯದ ಮಾತು ಉಳಿಯುವುದುಂಟು. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಬೆರೆತಿರುವ ಕಲಬುರಗಿಯಲ್ಲಿ ಇದು ವಿಶೇಷವಾಗಿ ಗಮನಾರ್ಹ. ರೋಜಾ ಪ್ರದೇಶದಲ್ಲಿ ದಖನಿ ಆಡುತ್ತ ಬೆಳೆದವರಿಗೆ ಆ ಮಾತು ತಿಳಿಯದ ಶುಶ್ರೂಷಕರು ಎಷ್ಟೇ ದಕ್ಷರಾಗಿದ್ದರೂ ಅಪರಿಚಿತರೇ ಆಗಿಬಿಡಬಹುದು.

ಕಾನೂನು ಮತ್ತು ನೈತಿಕ ಪ್ರಶ್ನೆಗಳು

ದಾರಿ ತಪ್ಪದಂತೆ ಬಾಗಿಲು ಮುಚ್ಚುವುದು ರಕ್ಷಣೆಯೂ ಹೌದು, ಸ್ವಾತಂತ್ರ್ಯದ ನಿರ್ಬಂಧವೂ ಹೌದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ವ್ಯಕ್ತಿಯು ತನಗೆ ಬೇಕಾದ ಮತ್ತು ಬೇಡವಾದ ಚಿಕಿತ್ಸೆಯನ್ನು ಮುಂಚಿತವಾಗಿ ಬರೆದಿಡಬಹುದು ಹಾಗೂ ಪ್ರತಿನಿಧಿಯನ್ನು ನೇಮಿಸಬಹುದು. ನಿರ್ಧಾರಶಕ್ತಿ ಇರುವಾಗಲೇ ಇದನ್ನು ಮಾಡಬೇಕಾದ್ದರಿಂದ ಆರಂಭಿಕ ರೋಗನಿರ್ಣಯಕ್ಕೆ ಮಹತ್ವವಿದೆ. ಹಿರಿಯರನ್ನು ಕೇಂದ್ರಕ್ಕೆ ಸೇರಿಸುವುದನ್ನು ಸಮಾಜವು ಕೈಬಿಟ್ಟಂತೆ ಕಾಣುವುದುಂಟು. ಆದರೆ ಕುಟುಂಬದವರ ನಿಯಮಿತ ಭೇಟಿ ಈ ಆರೈಕೆಯ ಅಂಗವೇ ಆಗಿದೆ.

ಚಲನಚಿತ್ರದಲ್ಲಿ

ಹೇಮಂತ್ ಎಂ. ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಅನಂತ್ ನಾಗ್ ಅಲ್ಝೈಮರ್ ಪೀಡಿತ ತಂದೆಯಾಗಿ ನಟಿಸಿದ್ದಾರೆ. ಆರೈಕೆ ಕೇಂದ್ರದಲ್ಲಿದ್ದ ಆ ತಂದೆ ಕಾಣೆಯಾಗುವುದು ಚಿತ್ರದ ಕಥಾವಸ್ತು. ಶೀರ್ಷಿಕೆಯು ಕಾಣೆಯಾದವರ ಪ್ರಕಟಣೆಗಳ ಭಾಷೆಯಲ್ಲಿದೆ.