ಹೆಸರು ಹೇಳದೆ ಕೇಳಿದ ದುಆ

ಎರಡು ವರ್ಷದ ಹಿಂದಿನ ಮಾತು. ಇಶಾ ನಮಾಝ್ ಮುಗಿದು ಎಲ್ಲರೂ ಹೊರಟ ಮೇಲೂ ನಮ್ಮ ಮೊಹಲ್ಲಾದ ಒಬ್ಬರು ಕಂಬದ ಪಕ್ಕ ನಿಂತೇ ಇದ್ದರು. ಹತ್ತಿರ ಬಂದು, "ಹಜ್ರತ್, ಒಬ್ಬರಿಗೆ ಹುಷಾರಿಲ್ಲ, ದುಆ ಮಾಡಿ" ಎಂದರು. ಯಾರಿಗೆ ಎಂದು ಕೇಳಿದೆ. "ನಮ್ಮವರಿಗೇ" ಎಂದು ಅಲ್ಲಿಗೇ ನಿಲ್ಲಿಸಿದರು. ಏನು ಕಾಯಿಲೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮುಂದಿನ ಜುಮಾದಲ್ಲಿ ಎಲ್ಲ ರೋಗಿಗಳಿಗಾಗಿ ದುಆ ಮಾಡುವಾಗ ಅವರು ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದುದು ಮಿಂಬರ್ ಮೇಲಿಂದ ಕಾಣಿಸಿತು. ಕಾಯಿಲೆ ಅವರ ಪತ್ನಿಗೆ, ಅದು ಸ್ತನ ಕ್ಯಾನ್ಸರ್ ಎಂದು ನಮಗೆ ತಿಳಿಯುವ ಹೊತ್ತಿಗೆ ನಾಲ್ಕು ಕೀಮೋ ಮುಗಿದಿದ್ದವು.

ಯಾಕೆ ಮುಚ್ಚಿಟ್ಟರು? ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. "ಗೊತ್ತಾದರೆ ರಿಶ್ತಾ ಬರುವುದು ನಿಲ್ಲುತ್ತದೆ" ಎಂದು ಹಿರಿಯರೊಬ್ಬರು ಹೇಳಿದ್ದರಂತೆ. ಅಷ್ಟೇ ಅಲ್ಲ, ಆ ಅಂಗದ ಹೆಸರನ್ನೇ ನಾಲ್ಕು ಜನರ ಮುಂದೆ ಆಡಲು ನಮಗೆ ನಾಚಿಕೆ. ಹೊಟ್ಟೆನೋವು, ಸಕ್ಕರೆ ಕಾಯಿಲೆ, ಹಾರ್ಟ್ ಎಂದರೆ ಊರೇ ನೋಡಲು ಬರುತ್ತದೆ. ಈ ಕಾಯಿಲೆಗೆ ಮಾತ್ರ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಯಾ ಈಮಾನಿನ ಭಾಗ, ನಿಜ. ಆದರೆ ರೋಗದ ಹೆಸರು ಹೇಳುವುದು ಹಯಾಕ್ಕೆ ವಿರುದ್ಧ ಎಂದು ನನಗೆ ಯಾವ ಮದ್ರಸಾದಲ್ಲೂ ಕಲಿಸಿಲ್ಲ.

ರಿಶ್ತಾದ ಭಯಕ್ಕೆ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ. ಇದು ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಅಂಟುವುದಿಲ್ಲ. ತಾಯಿಗೆ ಬಂದರೆ ಮಗಳಿಗೆ ಬಂದೇ ಬರುತ್ತದೆ ಎಂಬುದೂ ಸರಿಯಲ್ಲ. ವಂಶದಿಂದ ಬಂದ ದೋಷವೇ ಕಾರಣವಾಗಿರುವುದು ನೂರರಲ್ಲಿ ಐದರಿಂದ ಹತ್ತು ಪ್ರಕರಣಗಳಲ್ಲಿ ಮಾತ್ರ ಎಂದು ವೈದ್ಯರು ಹೇಳುತ್ತಾರೆ. ತಾಯಿಗೆ ಈ ಕಾಯಿಲೆ ಇದ್ದರೆ ಹೆಣ್ಣುಮಕ್ಕಳು ತಪಾಸಣೆಯ ಬಗ್ಗೆ ಡಾಕ್ಟರನ್ನು ಕೇಳಬೇಕು. ಮನೆಯಲ್ಲಿ ಸುದ್ದಿ ಮುಚ್ಚಿಟ್ಟರೆ ಆ ಮಗಳು ಯಾರನ್ನು ಕೇಳಬೇಕು?

ಈಗ ನನ್ನ ತಪ್ಪನ್ನೂ ಹೇಳಬೇಕು. ವಿಷಯ ಗೊತ್ತಾದ ಮೇಲೆ ಪತ್ನಿಯ ಜೊತೆ ಅವರ ಮನೆಗೆ ಹೋದೆ. ಪರದೆಯ ಆಚೆ ಆ ಸಹೋದರಿ, ಈಚೆ ನಾನು. ಅರ್ಧ ಗಂಟೆ ಸಬ್ರ್ ಕುರಿತು ಮಾತಾಡಿದೆ. ಅಯ್ಯೂಬ್(ಅ)ರ ಕಥೆಯನ್ನು ಪೂರ್ತಿ ಹೇಳಿದೆ. ತೃಪ್ತಿಯಿಂದ ಎದ್ದು ಬಂದೆ. ದಾರಿಯಲ್ಲಿ ನನ್ನ ಪತ್ನಿ ಹೇಳಿದಳು: "ನೀವು ಮಾತಾಡುವಷ್ಟು ಹೊತ್ತೂ ಅವರು ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಕೇಳುತ್ತಿದ್ದರು. ಬಾಜಿ, ಇದು ಆಗಿ ವಾಸಿಯಾದವರು ಯಾರಾದರೂ ನಿಮಗೆ ಗೊತ್ತಾ? ಕೂದಲು ತಿರುಗಿ ಬಂದದ್ದನ್ನು ಒಂದು ಸಲ ಕಣ್ಣಲ್ಲಿ ನೋಡಬೇಕು ಅಂತ."

ಸಬ್ರ್ ಎಂದರೇನು ಎಂದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಕೆಗೆ ಬೇಕಿದ್ದದ್ದು ಅದೇ ದಾರಿಯಲ್ಲಿ ನಡೆದು ಬಂದ ಇನ್ನೊಬ್ಬ ಹೆಂಗಸು.

ಇದು ಒಬ್ಬರ ಆಸೆಯಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. 1952ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಟೆರೀಸ್ ಲ್ಯಾಸರ್ ಎಂಬ ಮಹಿಳೆಗೆ ಸ್ತನದ ಶಸ್ತ್ರಚಿಕಿತ್ಸೆಯಾಯಿತು. ಆ ಕಾಲದಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಕೈ ಮೇಲೆತ್ತಲೂ ಕಷ್ಟ. ಮುಂದೇನು ಮಾಡಬೇಕು, ಯಾವ ಉಡುಪು ಹಾಕಬೇಕು, ಗಂಡನಿಗೆ ಏನು ಹೇಳಬೇಕು ಎಂದು ತಿಳಿಸುವವರು ಯಾರೂ ಇರಲಿಲ್ಲ. ಚೇತರಿಸಿಕೊಂಡ ಆಕೆ ತಾನೇ ಆಸ್ಪತ್ರೆಗಳಿಗೆ ಹೋಗಿ ಇಂತಹ ಹೆಂಗಸರನ್ನು ಕಾಣತೊಡಗಿದಳು. ಕೈಚೀಲದಲ್ಲಿ ಕೈಗೆ ವ್ಯಾಯಾಮ ಕೊಡಲು ಒಂದು ಚೆಂಡು, ಒಂದು ಹಗ್ಗ, ಬಟ್ಟೆಯೊಳಗೆ ಇಟ್ಟುಕೊಳ್ಳಲು ಒಂದು ತಾತ್ಕಾಲಿಕ ಸ್ತನದ ಆಕಾರ. ಡಾಕ್ಟರಲ್ಲದವಳು ವಾರ್ಡಿಗೆ ಬರುವುದು ಹಲವು ವೈದ್ಯರಿಗೆ ಹಿಡಿಸಲಿಲ್ಲ. ಆದರೂ ಬಿಡಲಿಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ ಆ ಕೆಲಸವನ್ನು ತನ್ನದಾಗಿಸಿಕೊಂಡಿತು. 'ರೀಚ್ ಟು ರಿಕವರಿ' ಎಂಬ ಹೆಸರಿನಲ್ಲಿ ಅದು ಅನೇಕ ದೇಶಗಳಿಗೆ ಹಬ್ಬಿದೆ. ಅದರ ಮುಖ್ಯ ನಿಯಮ ಒಂದೇ: ನೋಡಲು ಹೋಗುವವಳು ಆ ಕಾಯಿಲೆಯನ್ನು ತಾನೇ ಅನುಭವಿಸಿದವಳಾಗಿರಬೇಕು.

ಹೀಗೆ ಜೊತೆಯಾಗಿ ಕೂರುವುದರಿಂದ ಆಯುಷ್ಯ ಹೆಚ್ಚುತ್ತದೆಯೇ? ಪ್ರಾಮಾಣಿಕವಾಗಿ ಹೇಳಬೇಕು. 1989ರಲ್ಲಿ ಡೇವಿಡ್ ಸ್ಪೀಗೆಲ್ ಎಂಬ ಅಮೆರಿಕದ ವೈದ್ಯರು, ರೋಗ ದೇಹದ ಬೇರೆ ಭಾಗಕ್ಕೂ ಹರಡಿದ್ದ 86 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ವಾರಕ್ಕೊಮ್ಮೆ ಗುಂಪಿನಲ್ಲಿ ಕುಳಿತು ಮನಸ್ಸು ಬಿಚ್ಚಿ ಮಾತಾಡಿದವರು ಹೆಚ್ಚು ಕಾಲ ಬದುಕಿದ್ದರು ಎಂಬ ಸುದ್ದಿ ಎಲ್ಲೆಡೆ ಹರಡಿತು. ಆದರೆ 2001ರಲ್ಲಿ ಕೆನಡಾದಲ್ಲಿ 235 ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಕಂಡದ್ದು ಬೇರೆ: ಮನಸ್ಸಿನ ಸಂಕಟ ಕಡಿಮೆಯಾಗಿತ್ತು, ನೋವೂ ಕಡಿಮೆ ಅನಿಸುತ್ತಿತ್ತು. ಮೊದಲೇ ಹೆಚ್ಚು ಕುಗ್ಗಿ ಹೋಗಿದ್ದವರಿಗೆ ಹೆಚ್ಚು ಪ್ರಯೋಜನವಾಗಿತ್ತು. ಆಯುಷ್ಯ ಅಲ್ಲಾಹನ ಕೈಯಲ್ಲಿದೆ. ಇರುವ ದಿನಗಳ ನೋವು ಇಳಿಸುವುದು ನಮ್ಮ ಕೈಯಲ್ಲೂ ಸ್ವಲ್ಪ ಇದೆ ಎಂದಾಯಿತು. ನನಗೆ ಇಷ್ಟೇ ಸಾಕು.

ನಮ್ಮ ಊರುಗಳಲ್ಲಿ ಅಂಥ ಜೊತೆ ಸಿಗುವುದು ಎಲ್ಲಿ? ಮೊದಲ ಜಾಗ ಆಸ್ಪತ್ರೆಯೇ. ಬೆಂಗಳೂರಿನ ಕಿದ್ವಾಯಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಂದ ಜನ ಬರುತ್ತಾರೆ. ರೇಡಿಯೇಷನ್ ಎಂದರೆ ವಾರಕ್ಕೆ ಐದು ದಿನದಂತೆ ಹಲವು ವಾರ. ಆಸ್ಪತ್ರೆಯ ಧರ್ಮಶಾಲೆಯಲ್ಲೋ ಸುತ್ತಲಿನ ಬಾಡಿಗೆ ಕೋಣೆಯಲ್ಲೋ ಉಳಿಯಬೇಕು. ಆ ಸಹೋದರಿಗೆ ಕೊನೆಗೆ ಜೊತೆ ಸಿಕ್ಕಿದ್ದು ಅಲ್ಲಿಯೇ, ಸರದಿಯ ಬೆಂಚಿನ ಮೇಲೆ. ಪಕ್ಕದಲ್ಲಿ ಕುಳಿತಿದ್ದ ಉತ್ತರ ಕರ್ನಾಟಕದ ಹಿರಿಯ ಲಿಂಗಾಯತ ಹೆಂಗಸು ಸೆರಗು ಸರಿಸಿ, ಹೊಸದಾಗಿ ಚಿಗುರಿದ ಬೆಳ್ಳಿ ಕೂದಲು ತೋರಿಸಿ, "ಮುಟ್ಟಿ ನೋಡವ್ವಾ" ಎಂದರಂತೆ. ಇಬ್ಬರೂ ಈಗಲೂ ಫೋನಿನಲ್ಲಿ ಮಾತಾಡುತ್ತಾರೆ. ಜೊತೆ ನಮ್ಮವರೇ ಆಗಬೇಕೆಂದು ಕಾದು ಕೂರಬೇಡಿ.

ನಿಮ್ಮ ಮನೆಯವರಿಗೆ ಚಿಕಿತ್ಸೆ ನಡೆಯುತ್ತಿದ್ದರೆ ಡಾಕ್ಟರನ್ನೋ ನರ್ಸನ್ನೋ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೋ ನೇರವಾಗಿ ಕೇಳಿ: "ಇದು ಆಗಿ ಗುಣವಾದವರ ಜೊತೆ ಮಾತಾಡಿಸುತ್ತೀರಾ?" 1951ರಲ್ಲಿ ಮುಂಬೈಯಲ್ಲಿ ಶುರುವಾದ ಇಂಡಿಯನ್ ಕ್ಯಾನ್ಸರ್ ಸೊಸೈಟಿಯಂತಹ ಸಂಸ್ಥೆಗಳೂ ಇವೆ. ಖರ್ಚಿನ ಚಿಂತೆಯೂ ಮನಸ್ಸಿನ ಚಿಂತೆಯೇ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಜಮಾಅತಿನ ಹುಡುಗನೊಬ್ಬ ಆ ಕಾಗದಪತ್ರಕ್ಕೆ ಓಡಾಡಿದರೆ ಗಂಡ ಹೆಂಡತಿಯ ಪಕ್ಕ ಕುಳಿತಿರಬಹುದು.

ನೋಡಲು ಹೋಗುವವರಿಗೆ ನಾಲ್ಕು ಮಾತು. ರೋಗಿಯನ್ನು ಕಾಣುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬನಿಗಿರುವ ಹಕ್ಕು ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಆ ಹಕ್ಕು ರೋಗಿಯದು, ನಮ್ಮದಲ್ಲ. ಬೇಗ ಎದ್ದು ಬನ್ನಿ. "ನಮ್ಮ ಖಾಲಾಗೂ ಇದೇ ಆಗಿತ್ತು, ಆರು ತಿಂಗಳೂ ಉಳಿಯಲಿಲ್ಲ" ಎಂಬ ಕಥೆ ಮನೆಯಲ್ಲೇ ಬಿಟ್ಟು ಬನ್ನಿ. "ಯಾವ ಗುನಾಹ್‌ಗೆ ಈ ಶಿಕ್ಷೆಯೋ" ಎಂದು ಒಬ್ಬರು ಆಕೆಯ ಎದುರೇ ಹೇಳಿದ್ದರಂತೆ. ಅಲ್ಲಾಹನ ಲೆಕ್ಕದ ಪುಸ್ತಕ ಓದಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಲಕ್ಷ್ಮಣಫಲದ ಎಲೆಯ ಕಷಾಯ ಕುಡಿದರೆ ಕೀಮೋ ಬೇಡ ಎಂಬ ವಾಟ್ಸ್ಆ್ಯಪ್ ಮೆಸೇಜನ್ನೂ ಕಳಿಸಬೇಡಿ. ದಮ್ ಮಾಡಿದ ನೀರು ಕೇಳಲು ನನ್ನ ಬಳಿ ಬಂದವರಿಗೂ ನಾನು ಹೇಳುವುದು ಇಷ್ಟೇ: ಕುಡಿಯಿರಿ, ಜೊತೆಗೆ ಮುಂದಿನ ಕೀಮೋ ತಾರೀಖು ತಪ್ಪಿಸಬೇಡಿ. ರಮಝಾನ್‌ನಲ್ಲಿ ಯಾಕೆ ರೋಝಾ ಇಲ್ಲ ಎಂದು ಕೇಳುವುದೂ ಬೇಡ. ರೋಗಿಗೆ ಕೊಟ್ಟ ರಿಯಾಯಿತಿ ಕುರ್‌ಆನಿನಲ್ಲೇ ಇದೆ.

ಗಂಡಂದಿರಿಗೆ ಒಂದು ಮಾತು, ಇದನ್ನು ಮಿಂಬರ್ ಮೇಲೆ ಹೇಳಲು ಆಗಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಅನೇಕ ಹೆಂಗಸರು ಕನ್ನಡಿ ನೋಡುವುದನ್ನು ಬಿಡುತ್ತಾರೆ. ಗಂಡನ ಮುಖವನ್ನೇ ಕನ್ನಡಿ ಮಾಡಿಕೊಳ್ಳುತ್ತಾರೆ. ನೀವು ಬೇರೆ ಕೋಣೆಯಲ್ಲಿ ಮಲಗುವುದು ಆಕೆಯ ನಿದ್ರೆ ಕೆಡದಿರಲಿ ಎಂದೇ ಇರಬಹುದು. ಆಕೆ ಅದನ್ನು ಹಾಗೆ ಓದುವುದಿಲ್ಲ. ಬಾಯಿ ಬಿಟ್ಟು ಹೇಳಿ. ವಾರಗಟ್ಟಲೆ ಊಟ, ನಿದ್ರೆ ಇಲ್ಲದೆ, "ಸತ್ತರೆ ಸಾಕು" ಎನ್ನುತ್ತಿದ್ದರೆ ಅದನ್ನು ಈಮಾನಿನ ಕೊರತೆ ಎನ್ನಬೇಡಿ. ಕ್ಯಾನ್ಸರ್ ಡಾಕ್ಟರಿಗೆ ಆ ದಿನವೇ ತಿಳಿಸಿ, ಅದಕ್ಕೂ ಚಿಕಿತ್ಸೆ ಇದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇದೆಲ್ಲ ಆಸ್ಪತ್ರೆಯವರ ಕೆಲಸ, ಮಸೀದಿಗೆ ಏನು ಸಂಬಂಧ ಎಂದು ಕಮಿಟಿಯಲ್ಲಿ ಒಬ್ಬರು ಕೇಳಿದರು. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಗಾಯಗೊಂಡಾಗ ಪ್ರವಾದಿ(ಸ)ಯವರು ಅವರಿಗೆ ಡೇರೆ ಹಾಕಿಸಿದ್ದು ಮಸೀದಿಯಲ್ಲೇ, ಹತ್ತಿರದಿಂದ ನೋಡಿಕೊಳ್ಳಲು ಅನುಕೂಲವಾಗಲಿ ಎಂದು. ಗಾಯಾಳುಗಳ ಆರೈಕೆ ಮಾಡುತ್ತಿದ್ದವರು ರುಫೈದಾ(ರ) ಎಂಬ ಮಹಿಳೆ. ಇಷ್ಟು ಹೇಳಿದ ಮೇಲೆ ಮುತವಲ್ಲಿ ಸಾಹೇಬರು ಮದ್ರಸಾದ ಮಹಡಿಯ ಕೋಣೆ ಬಿಟ್ಟುಕೊಟ್ಟರು.

ಆ ಸಹೋದರಿ ಈಗ ಚಿಕಿತ್ಸೆ ಮುಗಿಸಿ ದಿನಕ್ಕೊಂದು ಮಾತ್ರೆಯಲ್ಲಿದ್ದಾರೆ. ತಿಂಗಳ ಮೊದಲ ಭಾನುವಾರ ಝುಹರ್ ನಂತರ ಅವರು ಆ ಕೋಣೆಯಲ್ಲಿ ಇರುತ್ತಾರೆ. ಈಗ ಐದು ಮಂದಿ ಸೇರುತ್ತಿದ್ದಾರೆ, ಅವರಲ್ಲಿ ಇಬ್ಬರು ಪಕ್ಕದ ಬೀದಿಯ ಹಿಂದೂ ತಾಯಂದಿರು. ಅಲ್ಲಿ ಬಯಾನ್ ಇಲ್ಲ, ರಿಜಿಸ್ಟರ್‌ನಲ್ಲಿ ಹೆಸರು ಬರೆಸುವುದಿಲ್ಲ, ಚಹಾ ಇರುತ್ತದೆ. ಗಂಡಸರಿಗೆ, ನನಗೂ ಸೇರಿ, ಪ್ರವೇಶವಿಲ್ಲ. ಬೀಗದ ಕೈ ನನ್ನ ಪತ್ನಿಯ ಬಳಿ ಇದೆ.